ಅಧ್ಯಾಪಕರ ಮುಂದೆ ಹೊಸದೊಂದು ಕಾಯಕ

ನಮ್ಮ ಮನೆತನಗಳಲ್ಲಿ ಅಧ್ಯಾಪಕ ವೃತ್ತಿಗೆ ಇರುವ ಗೌರವ ಬೇರೆ ನೌಕರಿಗಳಿಗೆ ಸುಲಭವಾಗಿ ದೊರೆಯುವಂಥದಲ್ಲ. ಮಾಸ್ತರರು ಎದುರಾದರೆ ಕಟ್ಟೆಯ ಮೇಲೆ ಕುಳಿತ ಹಿರಿಯರು ಇಂದಿಗೂ ಎದ್ದು ನಮಸ್ಕರಿಸುತ್ತಾರೆ. ಸಂಬಂಧ ಕೂಡಿಸುವ ಮಾತುಕತೆಯಲ್ಲಿ 'ಹುಡುಗಿ ಸಾಲ್ಯಾಗ ಅಕ್ಕೋರು' ಎಂಬ ಒಂದೇ ಮಾತು ಅರ್ಧ ಪರಿಚಯವನ್ನು ಮುಗಿಸಿಬಿಡುತ್ತದೆ. ಇಂತಹ ವೃತ್ತಿಯನ್ನು ಬಿಟ್ಟು ಹೆಸರೇ ಕೇಳದ ಮತ್ತೊಂದು ಉದ್ಯೋಗಕ್ಕೆ ಹೋಗುತ್ತೇನೆಂದು ಮನೆಯ ಮಗನೋ ಮಗಳೋ ಸೊಸೆಯೋ ಹೇಳಿದಾಗ ಹಿರಿಯರ ಮನಸ್ಸು ಅಳುಕುವುದು ಸಹಜವೇ ಆಗಿದೆ.

ಆದರೆ ಇಂತಹ ಪ್ರಶ್ನೆ ಈಗ ಅನೇಕ ಮನೆಗಳಲ್ಲಿ ಏಳುತ್ತಿದೆ. ಬಿ.ಎಡ್. ಮುಗಿಸಿ, ಹತ್ತು ಹನ್ನೆರಡು ವರ್ಷ ಅನುದಾನರಹಿತ ಶಾಲೆಗಳಲ್ಲಿ ದುಡಿದು, ವೇತನ ಏರದೆ, ನೇಮಕಾತಿಯ ನಿರೀಕ್ಷೆಯಲ್ಲಿ ವಯಸ್ಸು ಮೀರುತ್ತಿರುವ ತರುಣ ತರುಣಿಯರು 'ಬಳಕೆದಾರ ಅನುಭವ ವಿನ್ಯಾಸ' ಎಂಬ ಕ್ಷೇತ್ರದತ್ತ ನೋಡುತ್ತಿದ್ದಾರೆ. ಇಂಗ್ಲಿಷಿನಲ್ಲಿ ಇದನ್ನು ಯೂಸರ್ ಎಕ್ಸ್‌ಪೀರಿಯನ್ಸ್ ಡಿಸೈನ್ ಎಂದೂ, ಸಂಕ್ಷೇಪವಾಗಿ ಯು.ಎಕ್ಸ್. ಎಂದೂ ಕರೆಯುತ್ತಾರೆ. ಇದು ಎಂತಹ ಉದ್ಯೋಗ? ಪಾಠ ಹೇಳಿದವರಿಗೆ ಇದು ಒಗ್ಗೀತೆ? ಇದ್ದುದನ್ನು ಬಿಟ್ಟು ಇಲ್ಲದುದಕ್ಕೆ ಕೈಚಾಚಿದಂತೆ ಆಗದೆ? ಈ ಪ್ರಶ್ನೆಗಳನ್ನು ಶಾಂತಚಿತ್ತದಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಏನಿದು ಬಳಕೆದಾರ ಅನುಭವ ವಿನ್ಯಾಸ?

ವಿನ್ಯಾಸವೆಂದೊಡನೆ ನಮ್ಮ ಕಣ್ಣ ಮುಂದೆ ಬಣ್ಣ, ಚಿತ್ರ, ಅಲಂಕಾರಗಳು ಬರುತ್ತವೆ. ಇಲ್ಲಿ ಹೇಳುತ್ತಿರುವ ವಿನ್ಯಾಸ ಅದಕ್ಕಿಂತ ಭಿನ್ನವಾದುದು. ಒಂದು ವಸ್ತುವನ್ನೋ ಸೇವೆಯನ್ನೋ ಬಳಸುವ ಮನುಷ್ಯನಿಗೆ ಅದು ತಾನಾಗಿ ತಿಳಿಯುವಂತೆ, ಅವನು ದಾರಿ ತಪ್ಪದಂತೆ, ತಪ್ಪಿದರೂ ಹಿಂದಿರುಗಲು ಅವಕಾಶವಿರುವಂತೆ ಮುಂಚಿತವಾಗಿ ಯೋಚಿಸಿ ರೂಪಿಸುವುದೇ ಈ ಕೆಲಸ. ಬ್ಯಾಂಕಿನ ಹಣ ತೆಗೆಯುವ ಯಂತ್ರ, ರೈಲ್ವೆ ಟಿಕೇಟಿನ ಅರ್ಜಿ, ಮೊಬೈಲಿನಲ್ಲಿ ಹಣ ಕಳಿಸುವ ವ್ಯವಸ್ಥೆ, ಆಸ್ಪತ್ರೆಯ ಚೀಟಿ, ಪಡಿತರದ ನೋಂದಣಿ ಎಲ್ಲವೂ ಇದರ ವ್ಯಾಪ್ತಿಗೆ ಬರುತ್ತವೆ.

ನಮಗೆಲ್ಲ ಪರಿಚಿತವಾದ ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಮತಗಟ್ಟೆಯಲ್ಲಿ ನಾವು ಒತ್ತುವ ವಿದ್ಯುನ್ಮಾನ ಮತಯಂತ್ರವನ್ನು ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಮತ್ತು ಹೈದರಾಬಾದಿನ ಇ.ಸಿ.ಐ.ಎಲ್. ಸಂಸ್ಥೆಗಳು ತಯಾರಿಸುತ್ತವೆ. ಅದರ ಹೊರರೂಪವನ್ನು ವಿನ್ಯಾಸಗೊಳಿಸಿದವರು ಮುಂಬಯಿಯ ಐ.ಐ.ಟಿ.ಯ ಕೈಗಾರಿಕಾ ವಿನ್ಯಾಸ ಕೇಂದ್ರದ ಪ್ರಾಧ್ಯಾಪಕರಾದ ಎ. ಜಿ. ರಾವ್ ಮತ್ತು ರವಿ ಪೂವಯ್ಯನವರು. ಅಂದರೆ ಅವರೂ ಅಧ್ಯಾಪಕರೇ. ಓದು ಬಾರದ ಅಜ್ಜಿಯೂ ತನಗೆ ಬೇಕಾದ ಚಿಹ್ನೆಯನ್ನು ಗುರುತಿಸಬೇಕು, ಅದರ ಪಕ್ಕದ ನೀಲಿ ಗುಂಡಿಯನ್ನು ಒತ್ತಬೇಕು, ಒತ್ತಿದೊಡನೆ ಕೆಂಪು ದೀಪ ಹೊತ್ತಿ 'ಬೀಪ್' ಎಂಬ ಉದ್ದನೆಯ ಸದ್ದು ಕೇಳಬೇಕು. ಆ ಸದ್ದಿನಿಂದ ಮತ ದಾಖಲಾಯಿತೆಂದು ಅಜ್ಜಿಗೂ ತಿಳಿಯುತ್ತದೆ, ಹೊರಗೆ ಕುಳಿತ ಅಧಿಕಾರಿಗೂ ತಿಳಿಯುತ್ತದೆ. ಗಾಬರಿಯಿಂದ ಮತ್ತೊಮ್ಮೆ ಒತ್ತಿದರೂ ಎರಡನೆಯ ಮತ ಬೀಳುವುದಿಲ್ಲ. 1982ರಲ್ಲಿ ಕೇರಳದ ಪರೂರು ಕ್ಷೇತ್ರದ ಕೆಲವು ಮತಗಟ್ಟೆಗಳಲ್ಲಿ ಮೊದಲ ಬಾರಿ ಬಳಕೆಯಾದ ಮತಯಂತ್ರ 2004ರ ಲೋಕಸಭಾ ಚುನಾವಣೆಯ ಹೊತ್ತಿಗೆ 543 ಕ್ಷೇತ್ರಗಳಿಗೂ ವ್ಯಾಪಿಸಿತು. ಕೋಟ್ಯಂತರ ಜನರು ಯಾವ ತರಬೇತಿಯೂ ಇಲ್ಲದೆ ಅದನ್ನು ಬಳಸಿದರೆಂಬುದೇ ಆ ವಿನ್ಯಾಸದ ಹಿರಿಮೆ.

ಇದಕ್ಕೆ ಪ್ರತಿಯಾಗಿ 2000ದ ನವೆಂಬರಿನಲ್ಲಿ ಅಮೆರಿಕೆಯ ಫ್ಲಾರಿಡಾ ರಾಜ್ಯದ ಪಾಮ್ ಬೀಚ್ ಜಿಲ್ಲೆಯಲ್ಲಿ ನಡೆದುದನ್ನು ನೋಡಬಹುದು. ಅಲ್ಲಿನ ಮತಪತ್ರದಲ್ಲಿ ಅಭ್ಯರ್ಥಿಗಳ ಹೆಸರುಗಳನ್ನು ಎಡ ಬಲ ಎರಡೂ ಪುಟಗಳಲ್ಲಿ ಮುದ್ರಿಸಿ, ಚುಚ್ಚಬೇಕಾದ ರಂಧ್ರಗಳನ್ನು ನಡುವೆ ಒಂದೇ ಸಾಲಿನಲ್ಲಿ ಇರಿಸಿದ್ದರು. ಅಕ್ಷರ ದೊಡ್ಡದಾಗಿ ಕಂಡರೆ ವೃದ್ಧರಿಗೆ ಅನುಕೂಲವೆಂಬ ಸದುದ್ದೇಶವೇ ಅದರ ಹಿಂದಿತ್ತು. ಆದರೆ ಎರಡು ಸಾವಿರಕ್ಕೂ ಹೆಚ್ಚು ಮತದಾರರು ತಾವು ಬಯಸಿದವರನ್ನು ಬಿಟ್ಟು ಬೇರೊಬ್ಬರ ರಂಧ್ರವನ್ನು ಚುಚ್ಚಿದರೆಂದು ಮುಂದೆ ವಿದ್ವಾಂಸರು ತೋರಿಸಿದರು. ಆ ರಾಜ್ಯದಲ್ಲಿ ಅಧ್ಯಕ್ಷ ಪದವಿಯ ಗೆಲುವಿನ ಅಂತರ ಕೇವಲ 537 ಮತಗಳು! ಸದುದ್ದೇಶವೊಂದೇ ಸಾಲದು, ಬಳಸುವವರ ಕೈಗೆ ಕೊಟ್ಟು ನೋಡಬೇಕೆಂಬ ಪಾಠವನ್ನು ಜಗತ್ತು ಅಂದು ಕಲಿಯಿತು.

ಪ್ರಾಧ್ಯಾಪಕರೊಬ್ಬರು ತೋರಿದ ದಾರಿ

ಈ ವೃತ್ತಿಯ ಹೆಸರೇ ಒಬ್ಬ ಅಧ್ಯಾಪಕರಿಂದ ಪ್ರಚಾರಕ್ಕೆ ಬಂದಿತೆಂಬುದು ಗಮನಾರ್ಹ. ಡೊನಾಲ್ಡ್ ನಾರ್ಮನ್ ಎಂಬುವರು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ಕೇಂದ್ರದಲ್ಲಿ ಕಾಲು ಶತಮಾನಕ್ಕೂ ಹೆಚ್ಚು ಕಾಲ ಮನಃಶಾಸ್ತ್ರವನ್ನೂ ಅರಿವಿನ ವಿಜ್ಞಾನವನ್ನೂ ಬೋಧಿಸಿದವರು. 1979ರ ಮಾರ್ಚಿಯಲ್ಲಿ ಪೆನ್ಸಿಲ್ವೇನಿಯಾದ ತ್ರೀ ಮೈಲ್ ಐಲೆಂಡ್ ಅಣುವಿದ್ಯುತ್ ಸ್ಥಾವರದಲ್ಲಿ ಅವಘಡ ಸಂಭವಿಸಿದಾಗ, ಅಲ್ಲಿನ ನೌಕರರು ಅಂತಹ ತಪ್ಪುಗಳನ್ನು ಏಕೆ ಮಾಡಿದರೆಂದು ಪರಿಶೀಲಿಸಲು ಕರೆಸಿದ ತಜ್ಞರಲ್ಲಿ ಅವರೂ ಒಬ್ಬರಾಗಿದ್ದರು. ಅವರು ಕಂಡುಕೊಂಡ ಸಂಗತಿ ಸ್ವಾರಸ್ಯಕರವಾದುದು. ನೌಕರರು ದಡ್ಡರಾಗಿರಲಿಲ್ಲ, ನಿಯಂತ್ರಣ ಕೊಠಡಿಯ ಗುಂಡಿ, ದೀಪ, ಸೂಚಕಗಳೇ ತಪ್ಪು ಮಾಡಿಸುವಂತೆ ಜೋಡಣೆಯಾಗಿದ್ದವು.

ಮುಂದೆ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಕೆಲಕಾಲ ತಂಗಿದ್ದಾಗ ಅಲ್ಲಿನ ಬಾಗಿಲು, ನಲ್ಲಿ, ದೀಪದ ಗುಂಡಿಗಳು ಅವರನ್ನು ದಿನವೂ ಕಾಡಿದವು. ಒತ್ತಬೇಕಾದ ಬಾಗಿಲಿಗೆ ಎಳೆಯುವ ಹಿಡಿ ಇಟ್ಟರೆ ಯಾರಾದರೂ ಎಳೆಯುವವರೇ. ಇಂತಹ ನಿತ್ಯದ ಅನುಭವಗಳನ್ನು ಮನಃಶಾಸ್ತ್ರದ ಒರೆಗೆ ಹಚ್ಚಿ 1988ರಲ್ಲಿ ಅವರು ಬರೆದ ಗ್ರಂಥ ಇಂದಿಗೂ ಈ ವಿದ್ಯೆಯ ಮೊದಲ ಪಠ್ಯವೆನಿಸಿದೆ. 1993ರಲ್ಲಿ ವಿಶ್ವವಿದ್ಯಾಲಯದಿಂದ ನಿವೃತ್ತರಾಗಿ ಆಪಲ್ ಕಂಪನಿಯನ್ನು ಸೇರಿದಾಗ ಅವರು ತಮ್ಮ ಹುದ್ದೆಗೆ 'ಬಳಕೆದಾರ ಅನುಭವದ ಶಿಲ್ಪಿ' ಎಂಬ ಅರ್ಥದ ಹೆಸರನ್ನಿಟ್ಟುಕೊಂಡರು. ಆ ಪದ ಜಗತ್ತಿನಾದ್ಯಂತ ಹರಡಿದುದು ಅಲ್ಲಿಂದ. 1998ರಲ್ಲಿ ಜೇಕಬ್ ನೀಲ್ಸನ್ ಅವರೊಡನೆ ಸಲಹಾ ಸಂಸ್ಥೆಯೊಂದನ್ನು ಕಟ್ಟಿದರು. ಅನಂತರ 2014ರಲ್ಲಿ ತಾವು ಬಿಟ್ಟುಬಂದ ವಿಶ್ವವಿದ್ಯಾಲಯಕ್ಕೇ ಮರಳಿ, ವಿನ್ಯಾಸದ ಪ್ರಯೋಗಶಾಲೆಯನ್ನು ಆರಂಭಿಸಿದರು.

'ತಪ್ಪು ಬಳಸುವವನದಲ್ಲ, ರೂಪಿಸಿದವನದು' ಎಂಬುದು ನಾರ್ಮನ್ ಅವರ ವಿಚಾರದ ಸಾರ. ಒಳ್ಳೆಯ ಅಧ್ಯಾಪಕರಿಗೆ ಈ ಮಾತು ಹೊಸದೇನೂ ಅಲ್ಲ. ತರಗತಿಯ ನಲವತ್ತು ಮಕ್ಕಳಲ್ಲಿ ಮೂವತ್ತು ಮಕ್ಕಳು ಒಂದೇ ಪ್ರಶ್ನೆಗೆ ತಪ್ಪು ಉತ್ತರ ಬರೆದರೆ ವಿವೇಕಿಯಾದ ಗುರು ಮಕ್ಕಳನ್ನು ಬಯ್ಯುವುದಿಲ್ಲ. ತನ್ನ ಪಾಠವನ್ನು ತಿರುವಿ ನೋಡುತ್ತಾನೆ.

ನಮ್ಮ ಶಾಲೆಗಳಲ್ಲೇ ಹುಟ್ಟಿದ ವಿನ್ಯಾಸ

ದೂರದ ಅಮೆರಿಕೆಯ ಮಾತು ಹಾಗಿರಲಿ. ನಮ್ಮ ನಾಡಿನ ಪ್ರಾಥಮಿಕ ಶಾಲೆಯ ಶಿಕ್ಷಕರು, ವಿನ್ಯಾಸವೆಂಬ ಹೆಸರನ್ನು ಬಳಸದೆಯೇ, ಶ್ರೇಷ್ಠವಾದ ವಿನ್ಯಾಸವೊಂದನ್ನು ಮಾಡಿದ್ದಾರೆ. ಅದು 'ನಲಿ-ಕಲಿ'. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ಯುನಿಸೆಫ್ ನೆರವಿನಿಂದ ಆಂಧ್ರಪ್ರದೇಶದ ಮದನಪಲ್ಲಿಯ ಬಳಿಯಿರುವ ರಿಷಿ ವ್ಯಾಲಿಗೆ ಹೋಗಿ, ಅಲ್ಲಿನ ಗ್ರಾಮೀಣ ಶಾಲೆಗಳ ಕ್ರಮವನ್ನು ಕಂಡುಬಂದರು. ಅದನ್ನು ಹಾಗೆಯೇ ನಕಲು ಮಾಡದೆ ತಮ್ಮ ಕಾಡಂಚಿನ ಮಕ್ಕಳಿಗೆ ತಕ್ಕಂತೆ ತಾವೇ ಕುಳಿತು ಹೊಸದಾಗಿ ರೂಪಿಸಿದರು.

ಅವರ ಮುಂದಿದ್ದ ಸಮಸ್ಯೆ ಏನು? ಸುಗ್ಗಿಯೆಂದೋ ದನ ಕಾಯಲೆಂದೋ ಮಗು ವಾರಗಟ್ಟಲೆ ಶಾಲೆ ತಪ್ಪಿಸುತ್ತದೆ. ಮರಳಿ ಬಂದಾಗ ಪಾಠ ಮುಂದೆ ಹೋಗಿರುತ್ತದೆ. ಮಗು ಪೆಚ್ಚಾಗಿ ಕುಳಿತು, ಕೊನೆಗೆ ಶಾಲೆಯನ್ನೇ ಬಿಟ್ಟುಬಿಡುತ್ತದೆ. ಇದಕ್ಕೆ ಅವರು ಕಂಡುಕೊಂಡ ಪರಿಹಾರ 'ಕಲಿಕಾ ಏಣಿ'. ಪಠ್ಯವನ್ನು ಸಣ್ಣ ಸಣ್ಣ ಮೆಟ್ಟಿಲುಗಳಾಗಿ ಒಡೆದರು. ಪ್ರತಿ ಮೆಟ್ಟಿಲಿಗೂ ಒಂದು ಕಾರ್ಡು, ಪ್ರತಿ ಕಾರ್ಡಿಗೂ ಓದು ಬಾರದ ಮಗುವೂ ಗುರುತಿಸಬಲ್ಲ ಒಂದು ಚಿತ್ರ. ಮಗು ತಾನು ನಿಂತಿದ್ದ ಮೆಟ್ಟಿಲನ್ನು ಏಣಿಯಲ್ಲಿ ನೋಡಿ, ಅದೇ ಚಿತ್ರದ ಕಾರ್ಡನ್ನು ತಾನೇ ತೆಗೆದುಕೊಂಡು, ಬಿಟ್ಟಲ್ಲಿಂದ ಮುಂದುವರಿಯುತ್ತದೆ. ಕಪ್ಪುಹಲಗೆಯನ್ನೂ ಮಕ್ಕಳ ಕೈಗೆ ಎಟುಕುವಷ್ಟು ಕೆಳಗೆ ಗೋಡೆಯ ಮೇಲೆ ಬರೆಸಿದರು. 2009ರ ಸುಮಾರಿಗೆ ಈ ಕ್ರಮ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಕೆಳಗಿನ ತರಗತಿಗಳಿಗೆಲ್ಲ ವಿಸ್ತರಿಸಿತು.

ಬಳಸುವವರ ಬದುಕನ್ನು ಹೋಗಿ ನೋಡುವುದು, ತೊಡಕಿನ ಮೂಲವನ್ನು ಹಿಡಿಯುವುದು, ಸಣ್ಣದಾಗಿ ಮಾಡಿ ಪರೀಕ್ಷಿಸುವುದು, ತಿದ್ದುವುದು, ಅನಂತರವೇ ಹರಡುವುದು. ಇಂದು ವಿನ್ಯಾಸದ ತರಗತಿಗಳಲ್ಲಿ ಕಲಿಸುವ ಕ್ರಮ ಇದಕ್ಕಿಂತ ಬೇರೆಯಲ್ಲ. ಆದ್ದರಿಂದ ಅಧ್ಯಾಪಕರು ಈ ಕ್ಷೇತ್ರಕ್ಕೆ ಪರಕೀಯರೆಂದು ಭಾವಿಸಬೇಕಾದ ಕಾರಣವೇ ಇಲ್ಲ.

ಕೈಯಲ್ಲಿ ಈಗಾಗಲೇ ಇರುವ ಬಂಡವಾಳ

ಹೊಸ ಹಾದಿ ಹಿಡಿಯುವ ಅಧ್ಯಾಪಕರು 'ನಾವು ಸೊನ್ನೆಯಿಂದ ಆರಂಭಿಸಬೇಕು' ಎಂದು ಕುಗ್ಗುವುದನ್ನು ಕಾಣುತ್ತೇವೆ. ಇದು ಸರಿಯಲ್ಲ. ಬಿ.ಎಡ್. ತರಗತಿಯಲ್ಲಿ ಕಲಿತ ಪೂರ್ವಜ್ಞಾನ ಪರೀಕ್ಷೆಯನ್ನು ನೆನೆಯಿರಿ. ಹೊಸ ಪಾಠಕ್ಕೆ ಮುನ್ನ ಮಕ್ಕಳಿಗೆ ಏನು ಗೊತ್ತಿದೆ ಎಂದು ಕೇಳಿ ತಿಳಿಯುತ್ತೇವಲ್ಲವೆ? ವಿನ್ಯಾಸಕಾರನ ಮೊದಲ ಕೆಲಸವೂ ಬಳಸುವವರ ಬಳಿ ಹೋಗಿ ಅವರಿಗೆ ಏನು ಗೊತ್ತಿದೆ, ಏನು ಬೇಕಾಗಿದೆ ಎಂದು ಕೇಳುವುದು. ಪಾಠಯೋಜನೆಯಲ್ಲಿ ಒಂದು ಅವಧಿಗೆ ಎಷ್ಟು ಹೊಸ ವಿಷಯ ಸಾಕೆಂದು ಅಳೆಯುತ್ತೇವೆ. ಮನುಷ್ಯನ ಮನಸ್ಸು ಒಮ್ಮೆಗೆ ಹೊರಬಲ್ಲ ಭಾರಕ್ಕೆ ಮಿತಿಯುಂಟೆಂಬ ತತ್ತ್ವವನ್ನು ಆಸ್ಟ್ರೇಲಿಯಾದ ಶಿಕ್ಷಣ ಮನೋವಿಜ್ಞಾನಿ ಜಾನ್ ಸ್ವೆಲ್ಲರ್ 1988ರಲ್ಲಿ ಮಂಡಿಸಿದರು. ಅದು ಹುಟ್ಟಿದುದು ಕಲಿಕೆಯ ಅಧ್ಯಯನದಲ್ಲಿ; ಇಂದು ಮೊಬೈಲ್ ಪರದೆಯ ಮೇಲೆ ಎಷ್ಟು ಗುಂಡಿಗಳಿರಬೇಕೆಂಬುದನ್ನು ನಿರ್ಣಯಿಸುವವರೂ ಅದನ್ನೇ ಓದುತ್ತಾರೆ.

ಮಕ್ಕಳ ತಪ್ಪನ್ನು ಓದುವ ಕಣ್ಣು ಇದಕ್ಕಿಂತ ದೊಡ್ಡ ಬಂಡವಾಳ. 52ರಲ್ಲಿ 27 ಕಳೆದು 35 ಎಂದು ಬರೆದ ಮಗುವನ್ನು ಅನುಭವಿಯಾದ ಗಣಿತ ಶಿಕ್ಷಕಿ ದಡ್ಡನೆನ್ನುವುದಿಲ್ಲ. ಬಿಡಿಸ್ಥಾನದಲ್ಲಿ 2ರಿಂದ 7 ಹೋಗದೆಂದು 7ರಿಂದಲೇ 2 ಕಳೆದಿದೆ, ದಶಕ ತೆಗೆದುಕೊಳ್ಳುವ ಕ್ರಮ ಮನಸ್ಸಿಗೆ ಹತ್ತಿಲ್ಲವೆಂದು ಒಂದೇ ನೋಟಕ್ಕೆ ಗ್ರಹಿಸುತ್ತಾಳೆ. ಹಣ ಕಳಿಸಲು ಹೋಗಿ ಹಣ ಕೇಳುವ ಗುಂಡಿಯನ್ನು ಒತ್ತಿದ ವೃದ್ಧರನ್ನು ವಿನ್ಯಾಸಕಾರನು ನೋಡಬೇಕಾದುದು ಇದೇ ಕಣ್ಣಿನಿಂದ. ತಪ್ಪಿನ ಹಿಂದೆ ಒಂದು ತರ್ಕವಿರುತ್ತದೆ. ಅದನ್ನು ಹಿಡಿದವನೇ ತಿದ್ದಬಲ್ಲ.

ಮೂರನೆಯದು ಪರೀಕ್ಷೆ. ವರ್ಷದ ಕೊನೆಗೆ ಅಂಕ ಕೊಡುವ ಪರೀಕ್ಷೆ ಬೇರೆ, ನಡುನಡುವೆ ಮಗು ಎಲ್ಲಿ ನಿಂತಿದೆಯೆಂದು ನೋಡುವ ರಚನಾತ್ಮಕ ಮೌಲ್ಯಮಾಪನ ಬೇರೆ. ವಿನ್ಯಾಸದಲ್ಲಿ ಎರಡನೆಯದಕ್ಕೇ ಪ್ರಾಧಾನ್ಯ. 1993ರಲ್ಲಿ ಜೇಕಬ್ ನೀಲ್ಸನ್ ಮತ್ತು ಥಾಮಸ್ ಲ್ಯಾಂಡಾವರ್ ಅವರು ಮಾಡಿದ ಅಧ್ಯಯನದ ಆಧಾರದ ಮೇಲೆ, ಕೇವಲ 5 ಜನರ ಕೈಗೆ ಕೊಟ್ಟು ನೋಡಿದರೆ ತೊಡಕುಗಳಲ್ಲಿ ಶೇಕಡ 85ರಷ್ಟು ಬಯಲಾಗುತ್ತವೆಂದು ನೀಲ್ಸನ್ ಪ್ರತಿಪಾದಿಸಿದರು. ಈ ಲೆಕ್ಕ ಎಲ್ಲ ಸಂದರ್ಭಕ್ಕೂ ಒಂದೇ ತೆರನಾಗಿ ಹೊಂದದೆಂಬ ವಾದವೂ ಉಂಟು. ಆದರೆ ಕೆಲವೇ ಜನರನ್ನು ಹತ್ತಿರದಿಂದ ನೋಡುವುದು ಫಲಕಾರಿಯೆಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ.

ಕನ್ನಡ ಅಧ್ಯಾಪಕರಿಗಂತೂ ಇಲ್ಲಿ ವಿಶೇಷವಾದ ಕಾರ್ಯಕ್ಷೇತ್ರವಿದೆ. ಇಂಗ್ಲಿಷಿನಲ್ಲಿ ಯೋಚಿಸಿ ಕನ್ನಡಕ್ಕೆ ಇಳಿಸಿದ ಪರದೆಗಳನ್ನು ನಾವು ದಿನವೂ ಕಾಣುತ್ತೇವೆ. ಮಾತುಗಳು ತೊಡಕು, ಗುಂಡಿಯೊಳಗೆ ಪದ ಹಿಡಿಸದೆ ಅರ್ಧಕ್ಕೆ ತುಂಡಾಗುತ್ತದೆ, ಸಾಲುಗಳ ನಡುವೆ ಸಾಕಷ್ಟು ಎಡೆಯಿಲ್ಲದೆ ಒತ್ತಕ್ಷರದ ಕೆಳಭಾಗ ಕತ್ತರಿಸಿಹೋಗುತ್ತದೆ. ಕನ್ನಡದ ಲಿಪಿಗೆ ಕೆಳಗೂ ಸ್ಥಳ ಬೇಕೆಂಬುದು ರೂಪಿಸಿದವರಿಗೆ ತಿಳಿಯದಿರುವುದೇ ಇದಕ್ಕೆ ಕಾರಣ. ಕೆ. ಪಿ. ರಾವ್ ಅವರು ಕನ್ನಡದ ಕೀಲಿಮಣೆಯನ್ನು ರೂಪಿಸಿದಾಗ ಅಕ್ಷರದ ಆಕಾರವನ್ನು ಬಿಟ್ಟು ಧ್ವನಿಯನ್ನು ಹಿಡಿದುಹೊರಟರು. ವ್ಯಂಜನಕ್ಕೆ ಸ್ವರ ಸೇರಿದರೆ ಗುಣಿತಾಕ್ಷರ, ನಡುವೆ ಒಂದು ಕೀಲಿ ಒತ್ತಿದರೆ ಒತ್ತಕ್ಷರ. ಮಗು ಕಾಗುಣಿತ ಕಲಿಯುವ ಕ್ರಮವೇ ಅಲ್ಲಿದೆ. ಭಾಷೆಯ ಮರ್ಮ ತಿಳಿದವರು ವಿನ್ಯಾಸಕ್ಕೆ ಕೈಹಚ್ಚಿದರೆ ಜನಕ್ಕೆ ಎಷ್ಟು ಉಪಕಾರವಾಗುತ್ತದೆಂಬುದಕ್ಕೆ ಇದೊಂದು ನಿದರ್ಶನ.

ಬಿಡಬೇಕಾದ ಅಭ್ಯಾಸಗಳು

ಇಷ್ಟು ಹೇಳಿದ ಮೇಲೆ ಮತ್ತೊಂದು ಮುಖವನ್ನೂ ಹೇಳಬೇಕು. ಅಧ್ಯಾಪಕರಿಗೆ ಅತ್ಯಂತ ಕಠಿಣವಾದ ಸಾಧನೆ ಮೌನ. ಬಳಸುವವರ ಎದುರು ಕುಳಿತು, ಅವರು ತಪ್ಪು ಗುಂಡಿ ಒತ್ತುವುದನ್ನು ಕಂಡೂ ಸುಮ್ಮನಿರಬೇಕು. 'ಅದಲ್ಲ ಅಜ್ಜಾ, ಅದರ ಕೆಳಗಿನದು' ಎಂದು ಬಾಯಿಗೆ ಬಂದ ಮಾತನ್ನು ನುಂಗಬೇಕು. ಒಮ್ಮೆ ಹೇಳಿಕೊಟ್ಟರೆ ಆ ಪರೀಕ್ಷೆ ಕೆಟ್ಟಂತೆಯೇ. ಏಕೆಂದರೆ ನಾಳೆ ಆ ಅಜ್ಜನ ಪಕ್ಕದಲ್ಲಿ ಹೇಳಿಕೊಡುವವರು ಯಾರೂ ಇರುವುದಿಲ್ಲ.

ಎರಡನೆಯದು, ಶಾಲೆಯಲ್ಲಿ ಮಕ್ಕಳು ಎದ್ದುಹೋಗುವಂತಿಲ್ಲ. ಇಲ್ಲಿ ಬೇಸರವಾದೊಡನೆ ಬಳಸುವವರು ಎದ್ದುಹೋಗುತ್ತಾರೆ. ಮೂರನೆಯದು, ಅಧ್ಯಾಪಕರ ಮಾತಿಗೆ ತರಗತಿಯಲ್ಲಿ ಎದುರಾಡುವವರಿಲ್ಲ. ಇಲ್ಲಿ ತಮಗಿಂತ ಹತ್ತು ವರ್ಷ ಚಿಕ್ಕವರು ತಮ್ಮ ಕೆಲಸವನ್ನು ಎಲ್ಲರೆದುರು ಬಿಡಿಸಿ ಟೀಕಿಸುತ್ತಾರೆ. ಅದನ್ನು ಅವಮಾನವೆಂದು ತಿಳಿಯದೆ ಕಲಿಕೆಯೆಂದು ತಿಳಿಯುವ ಮನಸ್ಸು ಬೇಕು.

ನಾಲ್ಕನೆಯದು ಇವೆಲ್ಲಕ್ಕಿಂತ ಗಹನವಾದುದು. ಶಾಲೆಯ ಹಿತವೂ ಮಗುವಿನ ಹಿತವೂ ಸಾಮಾನ್ಯವಾಗಿ ಒಂದೇ ಆಗಿರುತ್ತವೆ. ವ್ಯಾಪಾರದಲ್ಲಿ ಹಾಗಿರಬೇಕೆಂದಿಲ್ಲ. ರದ್ದುಮಾಡುವ ಗುಂಡಿಯನ್ನು ಕಾಣದಂತೆ ಮರೆಮಾಡು, ಕೇಳದ ವಸ್ತುವನ್ನು ಬುಟ್ಟಿಗೆ ಸೇರಿಸು, 'ಇನ್ನು ಒಂದೇ ಉಳಿದಿದೆ' ಎಂದು ಸುಳ್ಳು ಅವಸರ ಹುಟ್ಟಿಸು ಎಂಬ ಒತ್ತಾಯ ಮೇಲಿನಿಂದ ಬರಬಹುದು. ಭಾರತ ಸರ್ಕಾರದ ಕೇಂದ್ರೀಯ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರಿನಲ್ಲಿ ಇಂತಹ 13 ಬಗೆಯ ವಂಚನೆಯ ವಿನ್ಯಾಸಗಳನ್ನು ಹೆಸರಿಸಿ ನಿಷೇಧಿಸಿದೆ. ಕಾನೂನು ಇರಲಿ, ಇಲ್ಲದಿರಲಿ, ಜನರನ್ನು ಏಮಾರಿಸುವ ಕೆಲಸಕ್ಕೆ ತನ್ನ ಕೈ ಒಡ್ಡುವುದಿಲ್ಲವೆಂಬ ನಿಶ್ಚಯ ಮೊದಲೇ ಇರಬೇಕು. ಅಧ್ಯಾಪಕನಾಗಿ ಗಳಿಸಿದ ಗೌರವದ ಜೀವಾಳ ಅಲ್ಲಿದೆ. ಕಾಯಕವೆಂಬ ಮಾತಿಗೂ ಬರಿಯ ದುಡಿಮೆಯೆಂಬ ಮಾತಿಗೂ ಇರುವ ಅಂತರವೂ ಅದೇ ಅಲ್ಲವೆ?

ಕಲಿಯುವ ಹಾದಿ

ನಮ್ಮ ದೇಶದಲ್ಲಿ ಈ ವಿದ್ಯೆಗೆ ಗಟ್ಟಿಯಾದ ನೆಲೆಯಿದೆ. ಅಮೆರಿಕದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿಗಳು 1958ರಲ್ಲಿ ಭಾರತ ಸರ್ಕಾರಕ್ಕೆ ಒಪ್ಪಿಸಿದ ವರದಿಯಲ್ಲಿ ನಮ್ಮ ಮನೆಯ ತಂಬಿಗೆಯನ್ನು ಮನಸಾರೆ ಕೊಂಡಾಡಿದ್ದಾರೆ. ಹಿಡಿಯಲು, ಹೊರಲು, ಬಗ್ಗಿಸಲು, ತೊಳೆಯಲು ಅನುಕೂಲವಾದ ಅದರ ಆಕಾರ ಒಬ್ಬರ ಕೈಯಿಂದ ಬಂದುದಲ್ಲ, ತಲೆಮಾರುಗಳ ಬಳಕೆಯಿಂದ ಮೂಡಿಬಂದುದು. ಆ ವರದಿಯ ಫಲವಾಗಿ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಸ್ಥಾಪನೆಯಾಯಿತು. ಬೆಂಗಳೂರಿನಲ್ಲಿಯೂ ಅದರ ಆವರಣವಿದೆ. ಮುಂಬಯಿಯ ಐ.ಐ.ಟಿ.ಯ ವಿನ್ಯಾಸ ಕೇಂದ್ರ 1969ರಷ್ಟು ಹಳೆಯದು. ಐ.ಐ.ಟಿ.ಗಳಲ್ಲಿಯೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ವಿನ್ಯಾಸದ ಸ್ನಾತಕೋತ್ತರ ಪದವಿಗೆ ಸೇರಲು 'ಸೀಡ್' ಎಂಬ ಪ್ರವೇಶ ಪರೀಕ್ಷೆ ಬರೆಯಬೇಕು. ಮೂರು ವರ್ಷದ ಯಾವುದೇ ಪದವಿ ಪಡೆದವರು ಅದನ್ನು ಬರೆಯಬಹುದು, ವಯಸ್ಸಿನ ಮಿತಿಯಿಲ್ಲ.

ಎರಡು ವರ್ಷ ಮನೆ ಬಿಟ್ಟು ಓದುವುದು ಎಲ್ಲ ಗೃಹಸ್ಥರಿಗೂ ಸಾಧ್ಯವಾಗದು. ಅಂತಹವರಿಗೆ ಸಂಜೆಯ ಹೊತ್ತಿನಲ್ಲಿ ಗಣಕಯಂತ್ರದ ಮುಂದೆ ಕುಳಿತು ಕಲಿಯುವ ಅವಕಾಶಗಳಿವೆ. ಐ.ಐ.ಟಿ.ಗಳ ಪಾಠಗಳು ಎನ್.ಪಿ.ಟಿ.ಇ.ಎಲ್. ಮೂಲಕ ಉಚಿತವಾಗಿ ದೊರೆಯುತ್ತವೆ. ಗೂಗಲ್ ಸಂಸ್ಥೆ 2021ರಲ್ಲಿ ಆರಂಭಿಸಿದ ಪ್ರಮಾಣಪತ್ರದ ಪಾಠಕ್ರಮವೂ ಇದೆ. ಪರದೆಯ ನಕ್ಷೆ ಬರೆಯಲು ಬಳಸುವ ಫಿಗ್ಮಾ ಎಂಬ ಸಾಧನವನ್ನು ಆರಂಭಿಕರು ಹಣ ಕೊಡದೆ ಬಳಸಬಹುದು. ಆದರೆ ಪ್ರಮಾಣಪತ್ರವೊಂದನ್ನೇ ನಂಬಿ ಕೆಲಸ ಕೊಡುವವರು ವಿರಳ. ಅವರು ಕೇಳುವುದು ನೀವು ಮಾಡಿದ ಕೆಲಸದ ಸಂಪುಟವನ್ನು. ಯಾವ ತೊಡಕನ್ನು ಕಂಡಿರಿ, ಯಾರೊಡನೆ ಮಾತಾಡಿದಿರಿ, ಏನು ಮಾಡಿದಿರಿ, ಪರೀಕ್ಷಿಸಿದಾಗ ಏನಾಯಿತು, ಹೇಗೆ ತಿದ್ದಿದಿರಿ ಎಂಬ ವೃತ್ತಾಂತ ಅದರಲ್ಲಿರಬೇಕು.

ಧಾರವಾಡದ ಕಡೆಯ ನಮ್ಮ ಪರಿಚಯದ ಗಣಿತ ಶಿಕ್ಷಕಿಯೊಬ್ಬರು ಇಂತಹ ಸಂಪುಟಕ್ಕೆ ದೂರ ಹೋಗಲಿಲ್ಲ. ತಾವಿದ್ದ ಶಾಲೆಯ ಪ್ರವೇಶದ ಅರ್ಜಿಯನ್ನೇ ಎತ್ತಿಕೊಂಡರು. ಜೂನ್ ತಿಂಗಳಲ್ಲಿ ಪಾಲಕರು ಅದನ್ನು ತುಂಬಲಾರದೆ ಪಕ್ಕದವರ ಕೈಗೆ ಕೊಡುತ್ತಿದ್ದುದನ್ನು ಅವರು ವರ್ಷವೂ ಕಂಡಿದ್ದರು. ಐದು ಮಂದಿ ತಾಯಂದಿರ ಪಕ್ಕದಲ್ಲಿ ಕುಳಿತು ಅವರು ಎಲ್ಲಿ ತಡೆಯುತ್ತಾರೆಂದು ಗುರುತು ಹಾಕಿಕೊಂಡರು. ಒಂದೇ ಮಾಹಿತಿಯನ್ನು ಮೂರು ಕಡೆ ಕೇಳಲಾಗಿತ್ತು. ತಾಯಿಯ ಹೆಸರಿಗೆ ಇದ್ದ ಸ್ಥಳ ಎರಡು ಬೆರಳಿನಷ್ಟು. ಮಗುವಿನ ಜನ್ಮದಿನಾಂಕ ಬರೆಯುವಲ್ಲಿ ದಿನ ಮೊದಲೋ ತಿಂಗಳು ಮೊದಲೋ ತಿಳಿಯುತ್ತಿರಲಿಲ್ಲ. ನಾಲ್ಕು ಪುಟದ ಅರ್ಜಿ ಎರಡು ಪುಟಕ್ಕೆ ಇಳಿಯಿತು. ಮರುವರ್ಷ ತಾಯಂದಿರು ಅದನ್ನು ತಾವೇ ತುಂಬಿದರು. ಹುಬ್ಬಳ್ಳಿಯ ಸಣ್ಣ ಸಂಸ್ಥೆಯೊಂದರಲ್ಲಿ ಅವರಿಗೆ ಕೆಲಸ ದೊರೆತಾಗ ಸಂದರ್ಶನದ ಬಹುಪಾಲು ಸಮಯ ಆ ಅರ್ಜಿಯ ಮೇಲೆಯೇ ಕಳೆಯಿತಂತೆ.

ಮನೆಯವರು ಯೋಚಿಸಬೇಕಾದುದು

ಆ ಶಿಕ್ಷಕಿಯ ಹಾದಿ ಹೂವಿನದಾಗಿರಲಿಲ್ಲ. 'ಇದ್ದ ನೌಕರಿ ಬಿಟ್ಟು ಇಲ್ಲದ್ದರ ಬೆನ್ನು ಹತ್ತಿದ್ರ ನಾಳೆ ಮಂದಿ ಏನಂದಾರು, ತಂಗೀ?' ಎಂದು ಅತ್ತೆಯವರು ಕೇಳಿದರು. 'ಅತ್ತೀ, ನಾ ಸಾಲಿ ಇನ್ನೂ ಬಿಟ್ಟಿಲ್ಲರೀ. ಒಂದು ವರ್ಷ ರಾತ್ರಿ ಓದತೀನಿ, ಆಗಲಿಲ್ಲಂದ್ರ ಇದ್ದಲ್ಲೇ ಇರತೀನಿ' ಎಂದು ಸೊಸೆ ಉತ್ತರಿಸಿದರು. ಆ ಒಂದು ವರ್ಷ ಸಂಜೆಯ ಅಡಿಗೆಯನ್ನು ಅತ್ತೆಯವರೇ ವಹಿಸಿಕೊಂಡರು. ಸಹಕಾರಿ ಬ್ಯಾಂಕಿನಲ್ಲಿದ್ದ ಪತಿ, ಎಂಟು ತಿಂಗಳ ಮನೆಖರ್ಚು ಕೂಡಿಬರುವವರೆಗೂ ರಾಜೀನಾಮೆ ಬೇಡವೆಂದರು. ಮೊದಲು ದೊರೆತ ಕೆಲಸ ಆರು ತಿಂಗಳ ಕರಾರಿನದು. ವೇತನವೂ ಶಾಲೆಗಿಂತ ಬಹಳ ಹೆಚ್ಚೇನಲ್ಲ. ಕರಾರು ಖಾಯಂ ಆಗುವವರೆಗೆ ಆ ಮನೆಯಲ್ಲಿ ಯಾರಿಗೂ ನೆಮ್ಮದಿಯ ನಿದ್ರೆ ಇರಲಿಲ್ಲವೆಂದು ಅವರೇ ಹೇಳುತ್ತಾರೆ. ಕುಟುಂಬವೆಲ್ಲ ಒಂದಾಗಿ ಹೆಗಲು ಕೊಟ್ಟುದರಿಂದ ಆ ಹೆಜ್ಜೆ ಸಾಧ್ಯವಾಯಿತೆಂಬುದನ್ನು ಮರೆಯಬಾರದು.

ಎಲ್ಲರಿಗೂ ಇದೇ ಫಲ ದೊರೆಯುತ್ತದೆಂದು ನಾವು ಹೇಳಲಾರೆವು. 2022ರ ಕೊನೆಯಿಂದ 2023ರವರೆಗೆ ಮೆಟಾ ಸಂಸ್ಥೆ ಎರಡು ಸಲ ಸೇರಿ 21,000 ಹುದ್ದೆಗಳನ್ನೂ, ಗೂಗಲ್ 12,000 ಹುದ್ದೆಗಳನ್ನೂ ಕಡಿತಗೊಳಿಸುವುದಾಗಿ ಪ್ರಕಟಿಸಿದವು. ಅನೇಕ ಅಧ್ಯಾಪಕರಿಗೆ ಕೆಲಸ ಕೊಟ್ಟಿದ್ದ ಬೆಂಗಳೂರಿನ ಬೈಜೂಸ್ ಸಂಸ್ಥೆ 2024ರ ಜುಲೈನಲ್ಲಿ ದಿವಾಳಿ ಪ್ರಕ್ರಿಯೆಗೆ ಒಳಗಾಯಿತು. ಇದರೊಡನೆ ಕೃತಕ ಬುದ್ಧಿಮತ್ತೆಯ ಸಾಧನಗಳು ಬಂದಿವೆ. ಒಂದೆರಡು ವಾಕ್ಯ ಹೇಳಿದರೆ ಅವು ಪರದೆಯ ನಕ್ಷೆಯನ್ನು ಕ್ಷಣದಲ್ಲಿ ಬರೆದುಕೊಡುತ್ತವೆ. ಬರಿಯ ನಕ್ಷೆ ಬರೆಯುವುದನ್ನಷ್ಟೇ ಕಲಿತವರಿಗೆ ಮುಂದಿನ ದಿನಗಳು ಸುಲಭವಲ್ಲ. ಜನರ ಬಳಿ ಕುಳಿತು ಅವರ ತೊಡಕನ್ನು ಅರಿಯುವ ಕೆಲಸಕ್ಕೆ ಮಾತ್ರ ಮನುಷ್ಯರೇ ಬೇಕು. ಅಧ್ಯಾಪಕರ ಬಲ ಇರುವುದೂ ಅಲ್ಲಿಯೇ.

ಆದ್ದರಿಂದ ಕೆಲವು ಮಾತುಗಳನ್ನು ಸೂಚಿಸಬಯಸುತ್ತೇವೆ. ಸರ್ಕಾರಿ ಅಥವಾ ಅನುದಾನಿತ ಹುದ್ದೆಯಲ್ಲಿರುವವರು ಅವಸರದಿಂದ ರಾಜೀನಾಮೆ ಕೊಡಬಾರದು. ಹಿಂದಿನ ಸೇವಾವಧಿಯ ಸೌಲಭ್ಯಗಳು ಕೈತಪ್ಪುವ ಸಂಭವವಿದೆ. ಕೆಲಸ ಕೊಡಿಸುವ ಖಾತರಿ ನೀಡಿ ಲಕ್ಷಗಟ್ಟಲೆ ಶುಲ್ಕ ಕೇಳುವ ತರಬೇತಿಗೆ ಸಾಲ ಮಾಡಬಾರದು. ಚಿನ್ನ ಅಡವಿಡುವುದಂತೂ ಬೇಡವೇ ಬೇಡ. ಮೊದಲು ಉಚಿತ ಪಾಠಗಳಲ್ಲಿ ಮೂರು ತಿಂಗಳು ಕಳೆದು, ಮನಸ್ಸು ನಿಲ್ಲುವುದೇ ಎಂದು ನೋಡಬೇಕು. ಕನಿಷ್ಠ ಆರು ತಿಂಗಳ ಮನೆಖರ್ಚು ಕೈಯಲ್ಲಿರಬೇಕು. ಪಠ್ಯ ಸಾಮಗ್ರಿ ಸಿದ್ಧಪಡಿಸುವ, ವಯಸ್ಕರಿಗೆ ತರಬೇತಿ ರೂಪಿಸುವ ನಡುದಾರಿಯ ಉದ್ಯೋಗಗಳೂ ಇವೆ. ಅವುಗಳ ಮೂಲಕ ಸಾಗಿದರೆ ಜಿಗಿತ ಅಷ್ಟು ದೊಡ್ಡದಾಗದು.

ಸಮಾಜಕ್ಕೆ ಆಗುವ ಲಾಭ

ಒಳ್ಳೆಯ ಶಿಕ್ಷಕರೆಲ್ಲ ಶಾಲೆ ಬಿಟ್ಟರೆ ಮಕ್ಕಳ ಗತಿಯೇನು ಎಂಬ ಆಕ್ಷೇಪ ನ್ಯಾಯವಾದುದೇ. ಅವರನ್ನು ಉಳಿಸಿಕೊಳ್ಳುವ ವೇತನವನ್ನೂ ಗೌರವವನ್ನೂ ಕೊಡುವ ಹೊಣೆ ಶಾಲೆಗಳನ್ನು ನಡೆಸುವ ಆಡಳಿತ ಮಂಡಳಿಗಳ ಮೇಲಿದೆ. ಗೌರವವನ್ನು ಬಾಯಿಂದ ಹೇಳಿ, ವೇತನವನ್ನು ಅರ್ಧ ಕೊಡುವುದು ಸಲ್ಲದು. ಆದರೂ ಹೋಗಬಯಸುವವರನ್ನು ದ್ರೋಹಿಗಳಂತೆ ಕಾಣುವುದು ಉಚಿತವಲ್ಲ.

ಇಂದು ಪಿಂಚಣಿ, ಪಡಿತರ, ವಿದ್ಯಾರ್ಥಿವೇತನ, ಬ್ಯಾಂಕಿನ ಖಾತೆ ಎಲ್ಲವೂ ಪರದೆಯ ಹಿಂದೆ ಸೇರಿಕೊಂಡಿವೆ. ಪರದೆ ಅರ್ಥವಾಗದವನಿಗೆ ಹಕ್ಕೂ ದೊರೆಯದು. ಖಾತೆ ತೆರೆಯಲು ಕಣ್ಣು ಮಿಟುಕಿಸಿ ತೋರಿಸಬೇಕೆಂಬ ನಿಯಮದಿಂದ ಆಮ್ಲದಾಳಿಗೆ ತುತ್ತಾದವರೂ ದೃಷ್ಟಿಹೀನರೂ ಹೊರಗುಳಿದಾಗ, 2025ರ ಏಪ್ರಿಲ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ಇಂತಹ ಸೇವೆಗಳು ಎಲ್ಲರಿಗೂ ಎಟುಕುವುದು ಜೀವಿಸುವ ಹಕ್ಕಿನ ಭಾಗವೇ ಎಂದು ತೀರ್ಪಿತ್ತಿತು. ಆ ನಿಯಮವನ್ನು ರೂಪಿಸುವ ಮುನ್ನ ಯಾರಾದರೂ ಅಂತಹ ಒಬ್ಬರ ಎದುರು ಕುಳಿತು ಪರೀಕ್ಷಿಸಿದ್ದರೆ ನ್ಯಾಯಾಲಯದವರೆಗೆ ಹೋಗುವ ಪ್ರಮೇಯವೇ ಬರುತ್ತಿರಲಿಲ್ಲ. ಹಿಂದಿನ ಬೆಂಚಿನ ಮಗುವನ್ನು ಮರೆಯದೆ ಪಾಠ ಹೇಳಿದವರು ಇಂತಹ ಸ್ಥಾನಗಳಲ್ಲಿ ಕುಳಿತರೆ ಹಿಂದುಳಿದವರನ್ನು ನೆನೆಯುವವರೊಬ್ಬರು ಅಲ್ಲಿ ಇದ್ದಂತಾಗುತ್ತದೆ.

ಮನೆಯ ಮಗಳೋ ಸೊಸೆಯೋ ಈ ಮಾತನ್ನು ಎತ್ತಿದಾಗ ಹಿರಿಯರು ಒಮ್ಮೆಗೇ ಇಲ್ಲವೆನ್ನದೆ ಮೂರು ಪ್ರಶ್ನೆಗಳನ್ನು ಕೇಳಲಿ: ಏನು ಕಲಿತಿರುವೆ, ಯಾರ ತೊಡಕನ್ನು ನೀಗಿಸಿರುವೆ, ಎಷ್ಟು ತಿಂಗಳ ಖರ್ಚು ಕೈಯಲ್ಲಿದೆ? ಮೂರಕ್ಕೂ ನೇರವಾದ ಉತ್ತರ ಬಂದರೆ ಹರಸಿ ಕಳಿಸಬಹುದು. ಬಾರದಿದ್ದರೆ ಇನ್ನೊಂದು ವರ್ಷ ಕಾಯಲು ಹೇಳಬಹುದು.